ಹಾಸನದ ಸಾವುಗಳನ್ನು ಎಣಿಸಬೇಕಿದ್ದವರು ಯಾರು?

2025ರ ಜೂನ್ ತಿಂಗಳ ಕೊನೆಯ ದಿನಗಳು. ಹಾಸನ ಜಿಲ್ಲೆಯಲ್ಲಿ ಬೆಳಗಾದರೆ ಸಾಕು, ಇನ್ನೊಂದು ಹೃದಯಾಘಾತದ ಸುದ್ದಿ. ಟಿವಿ ಪರದೆಯ ಮೂಲೆಯಲ್ಲಿ ಸಾವಿನ ಸಂಖ್ಯೆ ಕ್ರಿಕೆಟ್ ಸ್ಕೋರಿನಂತೆ ಏರುತ್ತಿತ್ತು. ನಲವತ್ತು ದಿನಗಳಲ್ಲಿ ಇಪ್ಪತ್ತು ದಾಟಿತು, ಇಪ್ಪತ್ತನಾಲ್ಕಕ್ಕೆ ಬಂತು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು ಎಂಬುದೇ ಜನರನ್ನು ಹೆಚ್ಚು ಅಲುಗಾಡಿಸಿದ್ದು. ಜುಲೈ ಮೊದಲ ವಾರದ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನಜಾತ್ರೆ. ಎದೆನೋವು ಇದ್ದವರು, ಇಲ್ಲದವರು, ರಾತ್ರಿ ಟಿವಿ ನೋಡಿ ಎದೆ ಹಿಡಿದಂತಾದವರು, ಎಲ್ಲರಿಗೂ ಒಂದು ಇಸಿಜಿ ಬೇಕಿತ್ತು. ಆ ಗದ್ದಲದಲ್ಲಿ ನಿಜವಾದ ಹೃದ್ರೋಗಿಯ ಸರದಿ ಎಷ್ಟು ತಡವಾಯಿತೋ, ಅದರ ಲೆಕ್ಕ ಯಾವ ಸ್ಕೋರಿನಲ್ಲೂ ಬರಲಿಲ್ಲ.

ಆ ದಿನಗಳಲ್ಲಿ ವೈದ್ಯರು ಮಾತನಾಡಿದರು, ರಾಜಕಾರಣಿಗಳು ಮಾತನಾಡಿದರು, ವಾಟ್ಸ್‌ಆ್ಯಪ್ ಪಂಡಿತರಂತೂ ಮಾತನಾಡಿದ್ದೇ ಮಾತನಾಡಿದ್ದು. ಚರ್ಚೆಯಲ್ಲಿ ಹೆಚ್ಚು ಕಾಣಿಸದೇ ಹೋದವರು ಲೆಕ್ಕ ಬಲ್ಲವರು. ಅವರನ್ನು ಕರೆದು ಕೂರಿಸಿದ್ದರೆ ಮೊದಲು ಒಂದು ಸಾದಾ ಪ್ರಶ್ನೆ ಕೇಳುತ್ತಿದ್ದರು: ಹಾಸನ ಜಿಲ್ಲೆಯಲ್ಲಿ ಮಾಮೂಲಿಯಾಗಿ ನಲವತ್ತು ದಿನಗಳಲ್ಲಿ ಎಷ್ಟು ಜನ ಸಾಯುತ್ತಾರೆ?

ಇದಕ್ಕೆ ಉತ್ತರ ಕಾಗದದ ಚೂರಿನ ಮೇಲೆ ಸಿಗುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ 2020ರ ಅಂಕಿಯಂತೆ ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರಕ್ಕೆ 6.2 ಸಾವು. ಗುಣಿಸಿದರೆ ವರ್ಷಕ್ಕೆ ಹನ್ನೊಂದು ಸಾವಿರದ ಆಸುಪಾಸು, ದಿನಕ್ಕೆ ಮೂವತ್ತು, ನಲವತ್ತು ದಿನಕ್ಕೆ ಸುಮಾರು 1,200. ದೇಶದ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಪಾರ್ಶ್ವವಾಯುವೂ ಸೇರಿದಂತೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಆಗುವಂಥವು. ಅಂದರೆ ಯಾರೂ ಗಾಬರಿಯಾಗದ ಯಾವುದೇ ನಲವತ್ತು ದಿನಗಳಲ್ಲಿ ಹಾಸನದಲ್ಲಿ ಇಂಥ ಕಾಯಿಲೆಯಿಂದ ಸಾಯುವವರ ಸಂಖ್ಯೆ ಮುನ್ನೂರರ ಹತ್ತಿರ. ಟಿವಿಯವರು ತೋರಿಸಿದ್ದು ಇಪ್ಪತ್ತನಾಲ್ಕು. ಅಂಶವನ್ನು ಎಲ್ಲರೂ ನೋಡಿದರು, ಛೇದವನ್ನು ಯಾರೂ ಕೇಳಲಿಲ್ಲ.

ಹಾಗಂತ ಜನರ ಭಯವನ್ನು ಅಪಹಾಸ್ಯ ಮಾಡುವುದು ತಪ್ಪು. ಇಪ್ಪತ್ತೈದು ವರ್ಷದ ಹುಡುಗನ ಸಾವನ್ನು ಎಪ್ಪತ್ತೈದರ ಅಜ್ಜನ ಸಾವಿನ ಜೊತೆ ಕೂಡಿಸಿ ಸರಾಸರಿ ತೆಗೆದರೆ ಅದು ಲೆಕ್ಕವಲ್ಲ, ಲೆಕ್ಕದ ಹೆಸರಿನ ಮೋಸ. ಹೋಲಿಕೆ ಆಗಬೇಕಿದ್ದದ್ದು ಅದೇ ವಯಸ್ಸಿನವರ ನಡುವೆ: 2022, 2023, 2024ರ ಮೇ, ಜೂನ್ ತಿಂಗಳುಗಳಲ್ಲಿ ಇದೇ ಜಿಲ್ಲೆಯಲ್ಲಿ ನಲವತ್ತೈದರ ಒಳಗಿನವರು ಹೃದಯದ ಕಾರಣಕ್ಕೆ ಎಷ್ಟು ಮಂದಿ ಸತ್ತಿದ್ದರು? ಗಾಬರಿ ಇಳಿಸಲಿಕ್ಕೂ, ನಿಜವಾಗಿ ಏನೋ ಕೆಟ್ಟಿದೆ ಎಂದು ಎಚ್ಚರಿಸಲಿಕ್ಕೂ ಬೇಕಿದ್ದದ್ದು ಇದೊಂದೇ ಅಂಕಿ. ಅದು ಬೆರಳ ತುದಿಯಲ್ಲಿ ಇರಲಿಲ್ಲ.

ಯಾಕಿರಲಿಲ್ಲ ಎಂದು ತಿಳಿಯಲು ಒಂದು ಹಾಳೆಯನ್ನು ಹತ್ತಿರದಿಂದ ನೋಡಬೇಕು. ಆಸ್ಪತ್ರೆಯಲ್ಲಿ ರೋಗಿ ಸತ್ತರೆ ವೈದ್ಯರು ಫಾರ್ಮ್ 4 ಎಂಬ ನಮೂನೆ ತುಂಬಬೇಕು. ಮನೆಯಲ್ಲಿ ಸತ್ತರೆ, ನೋಡಿಕೊಳ್ಳುತ್ತಿದ್ದ ವೈದ್ಯರು 4ಎ ತುಂಬಬೇಕು. ಅದರಲ್ಲಿ ಮೇಲಿಂದ ಕೆಳಗೆ ಮೂರು ಸಾಲು. ಮೊದಲ ಸಾಲಿನಲ್ಲಿ ಸಾವಿನ ತಕ್ಷಣದ ಕಾರಣ, ಎರಡನೆಯದರಲ್ಲಿ ಅದಕ್ಕೆ ದಾರಿ ಮಾಡಿದ ಕಾಯಿಲೆ, ಮೂರನೆಯದರಲ್ಲಿ ಎಲ್ಲಕ್ಕೂ ಮೂಲವಾದದ್ದು. ಪಕ್ಕದಲ್ಲಿ, ಪ್ರತಿಯೊಂದೂ ಎಷ್ಟು ಕಾಲದಿಂದ ಇತ್ತು ಎಂಬ ಕಾಲಂ. ಹತ್ತು ವರ್ಷದ ಸಕ್ಕರೆ ಕಾಯಿಲೆ, ಅದರಿಂದ ಕಟ್ಟಿಕೊಂಡ ರಕ್ತನಾಳ, ಅದರಿಂದ ನಿಂತ ಹೃದಯ ಎಂದು ತುಂಬಿದರೆ ಆ ಹಾಳೆ ಒಂದು ಬದುಕಿನ ಕೊನೆಯ ಅಧ್ಯಾಯವನ್ನು ಹೇಳುತ್ತದೆ. ಆದರೆ ರಾತ್ರಿ ಪಾಳಿಯ ಕಿರಿಯ ವೈದ್ಯ, ಹೊರಗೆ ಅಳುತ್ತಿರುವ ಬಂಧುಗಳು, ಮುಂದೆ ಇನ್ನೂ ನಾಲ್ಕು ರೋಗಿಗಳು. ಆತ ಮೊದಲ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದು ಬರೆದು ಸಹಿ ಹಾಕುತ್ತಾನೆ. ಹೃದಯ ಮತ್ತು ಉಸಿರು ನಿಂತಿತು ಎಂದರ್ಥ. ಸತ್ತವರಲ್ಲಿ ಅವೆರಡೂ ನಿಲ್ಲದವರು ಯಾರಿದ್ದಾರೆ?

ಅಷ್ಟಾದರೂ ತುಂಬಿದವರು ಕಡಿಮೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ರಷ್ಟು ಮಾತ್ರ. ಉಳಿದವರು ಯಾಕೆ ಸತ್ತರು ಎಂಬುದು ಊರಿನ ಬಾಯಿಮಾತು. ‘ಎದೆ ಒಡೆದು ಹೋದ’, ‘ನಿದ್ದೆಯಲ್ಲೇ ಹೋದರು, ಪುಣ್ಯವಂತರು’ ಎಂಬಲ್ಲಿಗೆ ದಾಖಲೆ ಮುಗಿಯುತ್ತದೆ.

ಈ ಅಡಿಪಾಯದ ಮೇಲೆ ನಿಂತು ಹಾಸನದಲ್ಲಿ ಸಾವು ಹೆಚ್ಚಿತೋ ಇಲ್ಲವೋ ಎಂದು ವಾದ ಮಾಡಿದೆವು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಇಪ್ಪತ್ತನಾಲ್ಕು ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿತು. ನಾಲ್ಕರಲ್ಲಿ ಕಾರಣ ಹೃದಯವೇ ಆಗಿರಲಿಲ್ಲ. ಉಳಿದ ಇಪ್ಪತ್ತರಲ್ಲೂ ಕೆಲವು ಖಚಿತ, ಕೆಲವು ‘ಇರಬಹುದು’ ಎಂಬಷ್ಟೇ. ಅಸಹಜ ಏರಿಕೆ ಕಾಣಲಿಲ್ಲ ಎಂಬುದು ಸಮಿತಿಯ ತೀರ್ಮಾನ. ಆ ಹೊತ್ತಿಗಾಗಲೇ ಕೋವಿಡ್ ಲಸಿಕೆಯ ಮೇಲೆ ಗುಮಾನಿ ಬಂದು ಹೋಗಿತ್ತು. ಲಸಿಕೆಗೆ ಅವಸರದ ಅನುಮೋದನೆ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಬರೆದರು. ಜೈವಿಕ ಔಷಧ ಉದ್ಯಮಿ ಕಿರಣ್ ಮಜುಂದಾರ್ ಷಾ ಸಾರ್ವಜನಿಕವಾಗಿ ಆಕ್ಷೇಪಿಸಿದರು. ಒಂದೆರಡು ದಿನ ಅದೇ ಜಗಳ ಓಡಿತು.

ಆ ಜಗಳಕ್ಕೆ ಬೇಕಾದ ಉತ್ತರದ ಬಹುಭಾಗ ಸುಮಾರು ಎರಡು ವರ್ಷ ಮೊದಲೇ ಪ್ರಕಟವಾಗಿ ಕೂತಿತ್ತು ಎಂಬುದು ಸೋಜಿಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನಾವೆಲ್ಲ ಐಸಿಎಂಆರ್ ಎನ್ನುವುದು, 47 ಆಸ್ಪತ್ರೆಗಳಿಂದ ಹದಿನೆಂಟರಿಂದ ನಲವತ್ತೈದು ವಯಸ್ಸಿನೊಳಗೆ ಹಠಾತ್ತನೆ ಸತ್ತ 729 ಮಂದಿಯ ವಿವರ ಕಲೆಹಾಕಿತ್ತು. ಪ್ರತಿಯೊಬ್ಬರಿಗೂ ಜೋಡಿಯಾಗಿ ಅದೇ ವಯಸ್ಸಿನ, ಅದೇ ಪ್ರದೇಶದ, ಬದುಕಿರುವ ನಾಲ್ವರನ್ನು ಆರಿಸಿತು. ಒಟ್ಟು 2,916 ಮಂದಿ. ಸತ್ತವರಲ್ಲಿ ಏನು ಹೆಚ್ಚಾಗಿತ್ತು, ಬದುಕಿದವರಲ್ಲಿ ಏನು ಕಡಿಮೆ ಇತ್ತು ಎಂದು ತೂಗಿ ನೋಡುವ ವಿಧಾನ ಇದು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಕಂಡವರು, ಸಾವಿಗೆ ಮೊದಲಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರು, ಮೈ ಮುರಿಯುವಷ್ಟು ವ್ಯಾಯಾಮ ಮಾಡಿದವರು, ಇವರಲ್ಲಿ ಅಪಾಯ ಹೆಚ್ಚಿತ್ತು. ಈ ಅಧ್ಯಯನದಲ್ಲಿ ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ನಾಲ್ಕು ಪಟ್ಟು ಬದುಕಿದವರನ್ನು ಹುಡುಕಿ ಕೂರಿಸಬೇಕು ಎಂಬ ಸಂಖ್ಯಾಶಾಸ್ತ್ರದ ಶಿಸ್ತು ಇದೆ. ಸತ್ತವರನ್ನಷ್ಟೇ ನೋಡಿದ್ದರೆ, ಅವರಲ್ಲಿ ಬಹುತೇಕರು ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಿದ್ದರು. ದೇಶದಲ್ಲಿ 220 ಕೋಟಿ ಡೋಸ್ ಹಾಕಿದ ಮೇಲೆ ಹಾಕಿಸಿಕೊಳ್ಳದವರು ಸಿಗುವುದೇ ಕಷ್ಟ.

ಗಾಬರಿಯ ಹಿಂದೆಯೇ ಬಂದ ಸರ್ಕಾರದ ಕ್ರಮಗಳಲ್ಲಿ ಒಂದು ನಿಜಕ್ಕೂ ಒಳ್ಳೆಯದು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಹದಿನೈದು ವರ್ಷದ ಶಾಲಾ ಮಕ್ಕಳಿಗೆ ಪ್ರತಿವರ್ಷ ಹೃದಯ ತಪಾಸಣೆ ಎಂಬುದು ಇನ್ನೊಂದು. ಕೇಳಲು ಇದೂ ಚೆನ್ನಾಗಿದೆ. ಆದರೆ ಇಲ್ಲೂ ಛೇದ ಕಾಡುತ್ತದೆ.

1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಅರವತ್ತು ಜನ ವೈದ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಒಂದು ಲೆಕ್ಕ ಇಟ್ಟರು. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ; ಆರೋಗ್ಯವಂತರಲ್ಲಿ ಶೇ 5ರಷ್ಟು ಮಂದಿಯನ್ನು ತಪ್ಪಾಗಿ ರೋಗಿ ಎನ್ನುವ ಪರೀಕ್ಷೆ. ಒಬ್ಬನಿಗೆ ಪರೀಕ್ಷೆ ‘ಪಾಸಿಟಿವ್’ ಬಂದಿದೆ, ಬೇರೇನೂ ಗೊತ್ತಿಲ್ಲ. ಅವನಿಗೆ ನಿಜಕ್ಕೂ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಅರವತ್ತರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಶೇ 95 ಎಂದರು. ಸರಿಯುತ್ತರ ಶೇ 2ರ ಆಸುಪಾಸು. ಅದನ್ನು ಹೇಳಿದವರು ಹನ್ನೊಂದು ಮಂದಿ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಅರವತ್ತೊಂದರಲ್ಲಿ ಹದಿನಾಲ್ಕು. ಮೂವತ್ತಾರು ವರ್ಷಗಳಲ್ಲಿ ವೈದ್ಯಕೀಯ ಎಲ್ಲಿಂದ ಎಲ್ಲಿಗೋ ಹೋಯಿತು, ಈ ಲೆಕ್ಕ ಮಾತ್ರ ಇದ್ದಲ್ಲೇ ಇತ್ತು.

ಇದನ್ನೇ ಒಂದು ಲಕ್ಷ ಮಕ್ಕಳಿಗೆ ಹಿಗ್ಗಿಸಿ ನೋಡಬಹುದು. ನಿಜವಾದ ರೋಗಿಗಳು ನೂರು. ಪರೀಕ್ಷೆ ಅಷ್ಟೂ ಮಂದಿಯನ್ನು ಹಿಡಿಯಿತು ಎಂದೇ ಇಟ್ಟುಕೊಳ್ಳೋಣ. ಅವರ ಜೊತೆಗೆ ಏನೂ ಆಗದ ಸುಮಾರು ಐದು ಸಾವಿರ ಮಕ್ಕಳೂ ಸಿಕ್ಕಿಬೀಳುತ್ತಾರೆ. ಅಷ್ಟೂ ಮಕ್ಕಳಿಗೆ ಎಕೋ, ಅಷ್ಟೂ ತಾಯಂದಿರಿಗೆ ನಿದ್ದೆಗೆಟ್ಟ ರಾತ್ರಿ, ಅವರಲ್ಲಿ ಎಷ್ಟೋ ಮಕ್ಕಳು ಆಟದ ಮೈದಾನದಿಂದ ಹೊರಗೆ. ತಪಾಸಣೆ ಬೇಡವೆಂದಲ್ಲ. ಯಾರಿಗೆ, ಯಾವ ಕ್ರಮದಲ್ಲಿ, ಎರಡನೇ ಹಂತದ ಪರೀಕ್ಷೆ ಎಲ್ಲಿ ಎಂದು ಮೊದಲೇ ಲೆಕ್ಕ ಹಾಕುವವರು ಆರೋಗ್ಯ ಇಲಾಖೆಯೊಳಗೆ ಇರಬೇಕು.

ಇಂಥ ಕೆಲಸಕ್ಕೆ ಒಂದು ಓದು ಇದೆ, ಒಂದು ವೃತ್ತಿಯೂ ಇದೆ. ಒಂದು ಬದಿಯಲ್ಲಿ ಜೀವಸಂಖ್ಯಾಶಾಸ್ತ್ರ, ಅಂದರೆ ಬಯೋಸ್ಟ್ಯಾಟಿಸ್ಟಿಕ್ಸ್. ಇನ್ನೊಂದು ಬದಿಯಲ್ಲಿ ರೋಗಿಯ ಮಾಹಿತಿಯನ್ನು ಹೇಗೆ ಬರೆಯಬೇಕು, ಎಲ್ಲಿಡಬೇಕು, ಯಾರಿಗೆ ತೋರಿಸಬೇಕು, ಒಂದು ಆಸ್ಪತ್ರೆಯ ಕಂಪ್ಯೂಟರ್ ಬರೆದದ್ದು ಇನ್ನೊಂದಕ್ಕೆ ಅರ್ಥವಾಗುವುದು ಹೇಗೆ ಎಂದು ಕಲಿಸುವ ಹೆಲ್ತ್ ಇನ್ಫರ್ಮ್ಯಾಟಿಕ್ಸ್. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ, ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿಸ್ಟರ ಸಾಲಿನಲ್ಲೇ ಆರೋಗ್ಯ ಮಾಹಿತಿ ನಿರ್ವಹಣೆಯವರನ್ನೂ ಪ್ರತ್ಯೇಕ ವರ್ಗವಾಗಿ ಪಟ್ಟಿ ಮಾಡಿದೆ. ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಫೈಲು ಕಟ್ಟುವವರು ಎಂದು ಆಸ್ಪತ್ರೆಗಳು ಇಷ್ಟು ದಿನ ನೋಡಿದವರಿಗೆ ಕಾನೂನು ಆರೋಗ್ಯ ವೃತ್ತಿಪರರ ಸ್ಥಾನ ಕೊಟ್ಟಿತು. ಹೆಚ್ಚಿನ ಕಾಲೇಜುಗಳ ಕೌನ್ಸೆಲಿಂಗ್ ಮೇಜಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ಓದಲು ಜಾಗಗಳಿಲ್ಲ ಎಂದೇನಿಲ್ಲ. ಮಣಿಪಾಲದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯ ಪದವಿ ವರ್ಷಗಳಿಂದ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್‌ಗೇ ಒಂದು ವಿಭಾಗವಿದೆ. ಹೊಸೂರು ದಾಟಿ ಹೋದರೆ ವೆಲ್ಲೂರಿನ ಸಿಎಂಸಿ. ಮುಂಬೈನಲ್ಲಿ 1956ರಿಂದ ಇರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸುವವರು ಇವರೇ. ದೇಶದಲ್ಲಿ ಸಿಸೇರಿಯನ್ ಹೆರಿಗೆ ಶೇ 17.2ರಿಂದ 21.5ಕ್ಕೆ ಏರಿದೆ, ಪಕ್ಕದ ತೆಲಂಗಾಣದಲ್ಲಿ ಅದು ಶೇ 60 ದಾಟಿದೆ ಎಂದು 2019-21ರ ಸುತ್ತಿನಲ್ಲಿ ಗೊತ್ತಾದದ್ದು ಇವರ ಮನೆಮನೆ ಎಣಿಕೆಯಿಂದ. ಇನ್ನು, ದೇಶದ ಕ್ಯಾನ್ಸರ್ ನೋಂದಣಿ ಜಾಲವನ್ನು ನಡೆಸುವ ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಆ ನಗರದ ಲಕ್ಷಾಂತರ ಜನರಲ್ಲಿ ಅದರ ಹೆಸರು ಕೇಳಿದವರು ಬೆರಳೆಣಿಕೆಯವರು. ಸಾವಿನ ಕಾರಣವನ್ನು ಆಸ್ಪತ್ರೆಯಲ್ಲೇ ಸರಿಯಾಗಿ ದಾಖಲಿಸಲಿಕ್ಕೆಂದು ತಂತ್ರಾಂಶ ಬರೆದವರೂ ಈ ಕೇಂದ್ರದವರೇ.

ಆದರೂ ಬೆಂಗಳೂರಿನಲ್ಲಿ ಸಾವಿರಾರು ಯುವಕ ಯುವತಿಯರು ಆರೋಗ್ಯ ಮಾಹಿತಿಯ ಕೆಲಸ ಮಾಡುತ್ತಿದ್ದಾರೆ. ಅಮೆರಿಕದ್ದು. ಮೆಡಿಕಲ್ ಕೋಡಿಂಗ್ ಎಂಬ ಹೆಸರಿನ ಈ ಉದ್ಯೋಗಕ್ಕೆ ಬಿಎಸ್‌ಸಿ ನರ್ಸಿಂಗ್, ಬಿಫಾರ್ಮಾ, ಲೈಫ್ ಸೈನ್ಸ್ ಓದಿದವರು ಸೇರುತ್ತಾರೆ. ಅಲ್ಲಿನ ವೈದ್ಯ ಬರೆದ ಟಿಪ್ಪಣಿ ಓದಿ, ಪ್ರತಿ ಕಾಯಿಲೆಗೂ ಪ್ರತಿ ಚಿಕಿತ್ಸೆಗೂ ಸಂಕೇತ ಹಾಕಿ ವಿಮಾ ಕಂಪನಿಗೆ ಕಳಿಸುವುದು ಕೆಲಸ. ಅಮೆರಿಕ 2015ರ ಅಕ್ಟೋಬರ್ 1ರಿಂದ ಹೊಸ ಪಟ್ಟಿಗೆ ಬದಲಾದ ಮೇಲೆ ಸಂಕೇತಗಳು ಎಪ್ಪತ್ತು ಸಾವಿರದ ಹತ್ತಿರ ಹೋದವು. ಬಾತುಕೋಳಿ ಬಡಿದು ಗಾಯವಾದರೆ ಅದಕ್ಕೂ ಒಂದು ಸಂಕೇತ ಇದೆ: ಡಬ್ಲ್ಯು61.62. ರಾತ್ರಿ ಪಾಳಿಯಲ್ಲಿ ಬಾತುಕೋಳಿಯ ಸಂಕೇತವನ್ನೂ ತಪ್ಪಿಲ್ಲದೆ ಹಾಕಬಲ್ಲ ಹುಡುಗಿಯ ಸ್ವಂತ ಊರಿನಲ್ಲಿ, ಅವಳ ಅಜ್ಜಿ ಯಾವ ಕಾಯಿಲೆಯಿಂದ ಸತ್ತಳು ಎಂಬ ಕಾಲಂ ಖಾಲಿ ಉಳಿದಿರಬಹುದು.

ಅವಳನ್ನು ದೂರುವಂತಿಲ್ಲ. ಸಂಬಳ ಅಲ್ಲಿದೆ. ದೂರಬೇಕಾದ್ದು ಅವಳ ಕೌಶಲಕ್ಕೆ ಇಲ್ಲಿ ಹುದ್ದೆಯನ್ನೇ ಸೃಷ್ಟಿಸದ ವ್ಯವಸ್ಥೆಯನ್ನು. ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಮಾಹಿತಿಯ ಕೆಲಸವೆಂದರೆ ಬಹುಪಾಲು ಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್. ಬಂದ ಅಂಕಿಯನ್ನು ಒತ್ತುವುದಷ್ಟೇ ಆತನ ಪಾಲು, ಅಂಕಿ ತಪ್ಪೆನಿಸಿದರೆ ಕೇಳುವ ಅಧಿಕಾರವಿಲ್ಲ. ಮುಂದಿನ ಮಾರ್ಚ್‌ಗೆ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ.

ಅಂಕಿ ತಪ್ಪಿದರೆ ಏನಾಗುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ಆಶಾ ಕಾರ್ಯಕರ್ತೆಯರು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಾಗ ಗೌರವಧನದ ಬೇಡಿಕೆಯ ಪಕ್ಕದಲ್ಲೇ ಹಳೆಯ ದೂರೊಂದಿತ್ತು. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಿಜ, ಮಗುವಿಗೆ ಲಸಿಕೆ ಹಾಕಿಸಿದ್ದು ನಿಜ, ಆದರೆ ತಾಯಿ ಮಗುವಿನ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಅದು ಸರಿಯಾಗಿ ಏರದಿದ್ದರೆ ಪ್ರೋತ್ಸಾಹಧನ ಇಲ್ಲ. ಮನೆಮನೆ ತಿರುಗಿ ಬರೆದ ಪುಸ್ತಕ ಒಂದು ಹೇಳುತ್ತದೆ, ಪೋರ್ಟಲ್ ಇನ್ನೊಂದು ಹೇಳುತ್ತದೆ, ಪೋರ್ಟಲ್ ಗೆಲ್ಲುತ್ತದೆ. ಇದನ್ನು ಸರ್ವರ್ ಸಮಸ್ಯೆ ಎಂದು ಎಂಜಿನಿಯರ್‌ಗೆ ದಾಟಿಸುವುದು ಸುಲಭ. ಆದರೆ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಗಳ ಹೆಸರು ಗಂಡನ ಊರಿನ ಪಟ್ಟಿಯಲ್ಲಿದ್ದರೆ ಕೆಲಸ ಮಾಡಿದ ತವರೂರಿನ ಆಶಾಗೆ ಅದು ಹೇಗೆ ಸಲ್ಲಬೇಕು ಎಂಬುದನ್ನು ಕೋಡ್ ಬರೆಯುವವನೊಬ್ಬನೇ ತೀರ್ಮಾನಿಸಲಾರ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಈ ನಾಡಿನ ರೂಢಿ. ಫಾರ್ಮ್ ರೂಪಿಸುವವರಿಗೆ ಆ ರೂಢಿ ಗೊತ್ತಿರಬೇಕು. ಆರೋಗ್ಯ ಮಾಹಿತಿಶಾಸ್ತ್ರ ಎಂಬ ದೊಡ್ಡ ಹೆಸರಿನ ವಿಷಯದಲ್ಲಿ ಅರ್ಧ ಪಾಲು ಇಂಥ ಸಣ್ಣ ಸಂಗತಿಗಳೇ.

ತಳಮಟ್ಟದ ಕಣ್ಣು ಚುರುಕಾಗಿದ್ದರೆ ಏನಾಗಬಹುದು ಎಂಬುದಕ್ಕೆ ಮಲೆನಾಡಿನಲ್ಲೇ ಉದಾಹರಣೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದನ್ನೂ ಜನರಿಗೆ ಜ್ವರ ಬರುತ್ತಿರುವುದನ್ನೂ ಜೋಡಿಸಿ ನೋಡಿದ್ದರಿಂದ ಮಂಗನ ಕಾಯಿಲೆ ಲೋಕಕ್ಕೆ ಗೊತ್ತಾಯಿತು. ಇವತ್ತಿಗೂ ಸತ್ತ ಮಂಗ ಎಲ್ಲಿ ಬಿದ್ದಿದೆ ಎಂಬ ವರದಿಯೇ ಅಲ್ಲಿ ಮೊದಲ ಎಚ್ಚರಿಕೆ. 2018ರ ನವೆಂಬರಿನಲ್ಲಿ ದೇಶದ ಹೊಸ ರೋಗ ಕಣ್ಗಾವಲು ಜಾಲ ಮೊದಲು ಜಾರಿಯಾದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉಪಕೇಂದ್ರದ ಸಹಾಯಕಿ ಲಕ್ಷಣ ನೋಡಿ ತುಂಬುವುದು ಎಸ್ ಫಾರ್ಮ್, ವೈದ್ಯರು ತುಂಬುವುದು ಪಿ, ಪ್ರಯೋಗಾಲಯ ತುಂಬುವುದು ಎಲ್. ಮೂರೂ ಒಂದೇ ಊರಿನತ್ತ ಬೊಟ್ಟು ಮಾಡಿದಾಗ ತಾಲ್ಲೂಕಿನಲ್ಲೇ ಅದನ್ನು ಓದಬಲ್ಲವರು ಬೇಕು.

ಬಳ್ಳಾರಿ ಇನ್ನೂ ಕಹಿಯಾದ ಪಾಠ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಕೆಲವೇ ದಿನಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗುಮಾನಿ ಹೋದದ್ದು ನರಕ್ಕೆ ಏರಿಸಿದ ದ್ರಾವಣದ ಮೇಲೆ. ಇಂಥ ಸಂದರ್ಭದಲ್ಲಿ ಮೊದಲು ಬೇಕಾಗುವುದು ಯಾವ ರೋಗಿಗೆ ಯಾವ ಬ್ಯಾಚಿನ ಬಾಟಲಿ ಏರಿತು ಎಂಬ ಒಂದು ಪಟ್ಟಿ. ಬ್ಯಾಚ್ ಸಂಖ್ಯೆ ಇರುವುದು ಉಗ್ರಾಣದ ಸ್ಟಾಕ್ ಪುಸ್ತಕದಲ್ಲಿ. ರೋಗಿ ಇರುವುದು ವಾರ್ಡಿನ ಕೇಸ್ ಶೀಟಿನಲ್ಲಿ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಇವೆರಡು ಪುಸ್ತಕ ಎಂದೂ ಭೇಟಿಯಾಗುವುದಿಲ್ಲ. ಬಾಟಲಿಯ ಮೇಲಿನ ಸಂಖ್ಯೆಯನ್ನು ಹಾಸಿಗೆಯ ಪಕ್ಕದಲ್ಲೇ ಸ್ಕ್ಯಾನ್ ಮಾಡುವ ವ್ಯವಸ್ಥೆ ಇದ್ದರೆ ಎರಡನೆಯ ಸಾವಿನ ಹೊತ್ತಿಗೇ ಯಾರಾದರೂ ಒಬ್ಬರು, ಇಬ್ಬರಲ್ಲೂ ಏನು ಸಮಾನವಾಗಿದೆ ಎಂದು ಕೇಳಬಹುದು. ಬಾಣಂತಿ ಮರಣದ ಪ್ರಮಾಣ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69, ಕೇರಳದಲ್ಲಿ 19 ಎಂದು 2018-20ರ ಅಂಕಿ ಹೇಳಿತ್ತು. ಅಂತರಕ್ಕೆ ಕಾರಣ ವೈದ್ಯರ ಕೊರತೆಯೊಂದೇ ಎಂದು ತಿಳಿಯುವವರು ಈ ಎರಡು ಪುಸ್ತಕಗಳನ್ನು ಒಮ್ಮೆ ನೋಡಬೇಕು.

ಸರಿಯಾಗಿ ಕೂಡಿಬಂದ ಕಡೆಯೂ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಓದಿ ತಿಳಿಸುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಮಾಹಿತಿ ರೋಗಿಗಿಂತ ಮೊದಲು ಓಡಿದ್ದರಿಂದ ಜೀವ ಉಳಿಯುತ್ತದೆ. ಹಳ್ಳಿಯ ರೋಗಿಗೆ ಇನ್ಫರ್ಮ್ಯಾಟಿಕ್ಸ್ ಎಂದರೆ ಇದೇ.

ದೊಡ್ಡ ಕನಸುಗಳ ಕಾಲವೂ ಬಂದಿದೆ. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಕೊಡುತ್ತಿದೆ. ಸಂಖ್ಯೆ ಕೊಡುವುದು ಸುಲಭ, ಅದರ ಹಿಂದೆ ನಂಬಬಹುದಾದ ದಾಖಲೆ ಇಡುವುದು ಕಷ್ಟ. ಅದನ್ನು ಕಾಪಾಡುವುದು ಇನ್ನೂ ಕಷ್ಟ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ನಡೆದಾಗ ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಪೆನ್ನು ಕಾಗದಕ್ಕೆ ಮರಳಿತು. ಕೃತಕ ಬುದ್ಧಿಮತ್ತೆಯ ಮಾತೂ ಇದೆ. ಅಮೆರಿಕದಲ್ಲಿ ಕೋಟ್ಯಂತರ ರೋಗಿಗಳಿಗೆ ಬಳಸುವಂಥ ಗಣನಸೂತ್ರವೊಂದು, ಯಾರಿಗೆ ಹೆಚ್ಚು ಆರೈಕೆ ಬೇಕು ಎಂದು ತೀರ್ಮಾನಿಸಲು ಅವರಿಗಾದ ಖರ್ಚನ್ನೇ ಅಳತೆಗೋಲು ಮಾಡಿಕೊಂಡಿತ್ತು. ಕಪ್ಪುವರ್ಣೀಯರಿಗೆ ಆಸ್ಪತ್ರೆಯೇ ಕೈಗೆಟುಕದ್ದರಿಂದ ಖರ್ಚು ಕಡಿಮೆ ಇತ್ತು. ಖರ್ಚು ಕಡಿಮೆ ಇದ್ದದ್ದರಿಂದ ಅವರು ಆರೋಗ್ಯವಾಗಿದ್ದಾರೆ ಎಂದು ಯಂತ್ರ ತಿಳಿಯಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನವನ್ನು ಯಾದಗಿರಿ, ರಾಯಚೂರುಗಳನ್ನು ಮನಸ್ಸಿನಲ್ಲಿಟ್ಟು ಓದಬೇಕು. ಆಸ್ಪತ್ರೆಗೆ ಹೋಗಲಾಗದವರು ಹೆಚ್ಚಿರುವ ಕಡೆ ವಿಮಾ ಕ್ಲೇಮುಗಳ ಅಂಕಿ ಯಾವಾಗಲೂ ಕಡಿಮೆಯೇ ತೋರಿಸುತ್ತದೆ.

ಹಾಗಾದರೆ ಪಿಯುಸಿ ಮುಗಿಸಿದ ಹುಡುಗ ಹುಡುಗಿ ಏನು ಮಾಡಬೇಕು? 2024ರಲ್ಲಿ ನೀಟ್‌ಗೆ ಹೆಸರು ನೋಂದಾಯಿಸಿದವರು 24 ಲಕ್ಷಕ್ಕೂ ಹೆಚ್ಚು; ಎಂಬಿಬಿಎಸ್ ಸೀಟುಗಳು ಆಗ ಒಂದು ಲಕ್ಷದ ಚಿಲ್ಲರೆ. ಉಳಿದ ಇಪ್ಪತ್ತಮೂರು ಲಕ್ಷದ ಮನೆಗಳಲ್ಲಿ ‘ಮುಂದೇನು’ ಎಂಬ ಪ್ರಶ್ನೆಗೆ ಬಿಡಿಎಸ್, ಆಯುರ್ವೇದ, ನರ್ಸಿಂಗ್ ಎಂಬ ಸಿದ್ಧ ಉತ್ತರಗಳಷ್ಟೇ ಇವೆ. ತೊಂದರೆ ಶುರುವಾಗುವುದು ಇನ್ನೂ ಹಿಂದೆ. ಪಿಸಿಎಂಬಿ ಹಿಡಿದವರಿಗೆ ಸಂಖ್ಯಾಶಾಸ್ತ್ರ ಇಲ್ಲ, ಪಿಸಿಎಂಎಸ್ ಹಿಡಿದವರಿಗೆ ಜೀವಶಾಸ್ತ್ರ ಇಲ್ಲ. ಸಂಖ್ಯಾಶಾಸ್ತ್ರವನ್ನು ಬಿಡದೆ ಕಲಿಸುವ ಕಾಮರ್ಸ್‌ನ ಸೆಬಾ ವಿಭಾಗದ ಮಕ್ಕಳಿಗಂತೂ ಆಸ್ಪತ್ರೆಯಲ್ಲಿ ತಮಗೊಂದು ಕೆಲಸ ಇರಬಹುದೆಂದು ಯಾರೂ ಹೇಳುವುದಿಲ್ಲ. ಈ ಗೋಡೆಗೆ ಒಂದು ಬಾಗಿಲು ಇಡುವುದು ಪಿಯು ಇಲಾಖೆಯ ಕೈಯಲ್ಲೇ ಇದೆ.

ಊರೂರಿನಲ್ಲಿ ಬೋರ್ಡು ಹಾಕಿರುವ ‘ಮೂರು ತಿಂಗಳಲ್ಲಿ ಕೋಡಿಂಗ್, ಶೇ 100 ಉದ್ಯೋಗ’ ಎಂಬ ತರಬೇತಿ ಕೇಂದ್ರಗಳ ಬಗ್ಗೆ ಒಂದು ಮಾತು. ಕೋಡಿಂಗ್ ಕೆಟ್ಟದ್ದಲ್ಲ. ಆದರೆ ಸಂಕೇತ ಹಾಕುವುದಷ್ಟೇ ಕಲಿತವರ ಕೆಲಸವನ್ನು ಯಂತ್ರ ಎಲ್ಲರಿಗಿಂತ ಮೊದಲು ಕಸಿಯುತ್ತದೆ. ಅಂಗರಚನೆ, ಸಂಖ್ಯಾಶಾಸ್ತ್ರ, ಒಂದು ಉಪಕರಣ, ಈ ಮೂರೂ ಸೇರಿದರೆ ಮಾತು ಬೇರೆ. ಉಪಕರಣಕ್ಕೆ ದುಡ್ಡೂ ಬೇಡ. ಸಂಖ್ಯಾಶಾಸ್ತ್ರದ ಆರ್ ಎಂಬ ತಂತ್ರಾಂಶ ಉಚಿತ, ಓಸ್ಲೋ ವಿಶ್ವವಿದ್ಯಾಲಯದಲ್ಲಿ ಬೆಳೆದ ಆರೋಗ್ಯ ಮಾಹಿತಿಯ ತಂತ್ರಾಂಶ ಡಿಎಚ್‌ಐಎಸ್2 ಕೂಡ ಉಚಿತ. ಮೂರೂ ಕಲಿತವರಿಗೆ ಔಷಧ ಪರೀಕ್ಷೆ ನಡೆಸುವ ಕಂಪನಿಗಳು ಬೆಂಗಳೂರಿನಲ್ಲೇ ಇವೆ, ಕ್ಯಾನ್ಸರ್ ನೋಂದಣಿ ಇದೆ, ದೊಡ್ಡ ಆಸ್ಪತ್ರೆಗಳ ಗುಣಮಟ್ಟ ವಿಭಾಗ ಇದೆ. ನರ್ಸಿಂಗ್ ಓದುತ್ತಿರುವವರಿಗೆ ಈ ದಾರಿ ಇನ್ನೂ ಹತ್ತಿರ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ದಾದಿ ಎಂದಷ್ಟೇ ಪಠ್ಯಪುಸ್ತಕ ಹೇಳಿಕೊಟ್ಟಿತು. ಆಕೆ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ದಂಡು ಪ್ರದೇಶಗಳಿಗೆ ಪ್ರಶ್ನಾವಳಿ ಕಳಿಸಿ, ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿರುವುದು ಗುಂಡಿನಿಂದಲ್ಲ, ಚರಂಡಿಯಿಂದ ಎಂದು 1863ರ ಹೊತ್ತಿಗೆ ತೋರಿಸಿಕೊಟ್ಟವಳು. ಚರಂಡಿ, ನೀರು ಸರಿಯಾದ ಮೇಲೆ ಹತ್ತೇ ವರ್ಷದಲ್ಲಿ ಅದು 18ಕ್ಕೆ ಇಳಿಯಿತು.

ಈ ನೆಲಕ್ಕೂ ಸಂಖ್ಯಾಶಾಸ್ತ್ರಕ್ಕೂ ಸಂಬಂಧವಿಲ್ಲ ಎನ್ನುವಂತಿಲ್ಲ. ಜಗತ್ತಿನ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಹೆಸರಿರುವ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಸೇನೆಯಲ್ಲಿ ಗಣಿತದ ಕೆಲಸ ಕೇಳಿಕೊಂಡು ಕೋಲ್ಕತ್ತಾಕ್ಕೆ ಹೋದ ಹುಡುಗ, ವಯಸ್ಸು ಸಾಲದೆಂದು ಅಲ್ಲಿ ತಿರಸ್ಕೃತನಾಗಿ, ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದ್ದು ಒಂದು ಆಕಸ್ಮಿಕ. 2023ರಲ್ಲಿ, ನೂರೆರಡರ ವಯಸ್ಸಿನಲ್ಲಿ, ಆ ಕ್ಷೇತ್ರದ ಅತ್ಯುಚ್ಚ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂತು. ಅದೇ ವರ್ಷ ತೀರಿಕೊಂಡರು. ಇವತ್ತಿನ ಹಡಗಲಿಯ ಹುಡುಗಿ ಆಕಸ್ಮಿಕಕ್ಕೆ ಕಾಯುತ್ತ ಕೂರಬಾರದು.

ಅದಕ್ಕೆ ಬೇಕಾದ್ದು ಹುದ್ದೆ. ರಾಜ್ಯದಲ್ಲಿ 31 ಜಿಲ್ಲೆ, ನೂರನಲವತ್ತಕ್ಕೂ ಹೆಚ್ಚು ತಾಲ್ಲೂಕು ಆಸ್ಪತ್ರೆಗಳಿವೆ. ಒಂದೊಂದಕ್ಕೆ ಒಬ್ಬರಂತೆ ಲೆಕ್ಕ ಹಾಕಿದರೂ ಇನ್ನೂರರ ಒಳಗೆ ಮುಗಿಯುತ್ತದೆ. ಗುತ್ತಿಗೆಯಲ್ಲ, ವೃಂದ ಮತ್ತು ನೇಮಕಾತಿ ನಿಯಮ ಇರುವ ಕಾಯಂ ಹುದ್ದೆ. ಡೇಟಾ ಎಂಟ್ರಿ ಬೇರೆಯವರು ಮಾಡಲಿ. ಅಂಕಿ ತಪ್ಪೆನಿಸಿದಾಗ ವೈದ್ಯಾಧಿಕಾರಿಯ ಬಾಗಿಲು ತಟ್ಟಿ ಕೇಳುವ ಅಧಿಕಾರ ಈ ಹುದ್ದೆಗೆ ಇರಲಿ. ಸೇರಿದ ಮೊದಲ ತಿಂಗಳ ಕೆಲಸವನ್ನೂ ಈಗಲೇ ಗೊತ್ತುಮಾಡಬಹುದು: ಆ ತಾಲ್ಲೂಕಿನ ಕಳೆದ ಮೂರು ವರ್ಷದ ಫಾರ್ಮ್ 4ಗಳನ್ನು ತೆಗೆದು, ಮೂರನೆಯ ಸಾಲು ಖಾಲಿ ಇರುವವನ್ನು ಬೇರೆ ಮಾಡಿ, ಸಹಿ ಹಾಕಿದ ವೈದ್ಯರ ಜೊತೆ ಕೂತು ಒಂದೊಂದಾಗಿ ಓದುವುದು.